ಮಕ್ಕಳಿಗೆ ಆಟ ಕಲಿಸೋರಿಗೂ ಟ್ರೇನಿಂಗ್ ಬೇಕು

ಸಂಪಾದಕರೇ,

ನಮ್ಮ ಕಾರವಾರ ಕಡೆ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್ ಕಲಿಸೋರು ಹೆಚ್ಚಾಗಿ ಹಳೇ ಆಟಗಾರರೇ, ತಮ್ಮ ಕೆಲಸ ಮುಗಿಸಿ ಬಂದು ಒಂದು ರೂಪಾಯಿ ತಗೊಳ್ದೆ ಕಲಿಸ್ತಾರೆ, ಅವರ ಬಗ್ಗೆ ನಂಗೆ ತುಂಬಾ ಗೌರವ ಇದೆ. ಆದ್ರೆ ಆಡೋದು ಬೇರೆ, ಕಲಿಸೋದು ಬೇರೆ. ಹೋದ ಏಪ್ರಿಲ್‌ನಲ್ಲಿ ನನ್ನ ಮಗ, ಹನ್ನೊಂದು ವರ್ಷದವ, ಕಬಡ್ಡಿಯಲ್ಲಿ ರೇಡ್ ತಪ್ಪಿದ್ದಕ್ಕೆ ಕೋಚ್ ಅವನನ್ನ ಮೈದಾನ ಸುತ್ತ ಓಡ್ಸಿ, ಮುಗಿಯೋ ತನಕ ನೀರು ಮುಟ್ಬೇಡ ಅಂದ್ರಂತೆ, ಮನೆಗೆ ಬಂದವ ಶೂ ಕೂಡ ಬಿಚ್ಚದೆ ಜಗಲಿ ಮೇಲೆ ಮಲಗ್ಬಿಟ್ಟ, ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕೋಚ್ ಕೆಟ್ಟವರಲ್ಲ, ಅವರು ಕಲಿತಿದ್ದೂ ಹಾಗೇ.

ನಮ್ಮ ಕರಾವಳಿ ಸೆಕೆಯಲ್ಲಿ ಬೆವರು ಆರೋದೇ ಇಲ್ಲ, ಮೈ ತಂಪಾಗಲ್ಲ, ಅದಕ್ಕೇ ಮಕ್ಕಳಿಗೆ ಆಗಾಗ ನೀರು, ನೆರಳು ಬೇಕೇ ಬೇಕು. ಬೆಳೆಯೋ ವಯಸ್ಸಲ್ಲಿ ಮೂಳೆ ತುದಿ ಇನ್ನೂ ಗಟ್ಟಿ ಆಗಿರಲ್ಲ, ಮಂಡಿ ನೋವು ಅಂದ್ರೆ ನಾಟಕ ಅಂತ ಬೈಯೋದಲ್ಲ. ತಲೆಗೆ ಪೆಟ್ಟು ಬಿದ್ರೆ ಅವತ್ತು ಮತ್ತೆ ಇಳಿಸಲೇಬಾರದು.

ಪಂಜಾಬಿನ ಪಟಿಯಾಲದಲ್ಲಿ ಆರು ವಾರದ ಕೋಚಿಂಗ್ ಕೋರ್ಸ್ ಇದೆ, ಆದ್ರೆ ಅಂಗಡಿ, ಬೋಟು ಬಿಟ್ಟು ಅಲ್ಲಿ ತನಕ ಯಾರು ಹೋಗ್ತಾರೆ? ಕ್ರೀಡಾ ಇಲಾಖೆಯವರು ಕಾರವಾರ, ಶಿರಸಿಯಲ್ಲೇ ಎರಡು ಭಾನುವಾರ ಕನ್ನಡದಲ್ಲಿ ಶಿಬಿರ ಮಾಡ್ಲಿ, ಮಕ್ಕಳ ಡಾಕ್ಟರ್ ಒಬ್ರು, ಫಿಸಿಯೋ ಒಬ್ರು ಬರ್ಲಿ, ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ, 1098 ಮಕ್ಕಳ ಸಹಾಯವಾಣಿ ಬಗ್ಗೆನೂ ಹೇಳ್ಲಿ. ಮಳೆಗಾಲದಲ್ಲಿ ಹೇಗೂ ಮೈದಾನ ಖಾಲಿ ಇರತ್ತೆ, ಆಗಲೇ ಮಾಡಬಹುದು.

– ಒಬ್ಬ ಪಾಲಕ, ಕಾರವಾರ