ಸೊಪ್ಪಿನ ಸುದ್ದಿಗೆ ಒಂದು ಸಾಲು ಜಾಸ್ತಿ ಬರೆಯಿರಿ

ಮಾನ್ಯ ಸಂಪಾದಕರೇ,

ಗಿಡಮೂಲಿಕೆ ಸಾರದಿಂದ ಉರಿಯೂತ ಇಳಿಯುತ್ತದೆ, ಪ್ರಯೋಗದಲ್ಲಿ ಸಾಬೀತಾಗಿದೆ ಎಂಬ ಸುದ್ದಿ ಆಗಾಗ ಬರುತ್ತದೆ. ಅಂಥದ್ದೊಂದನ್ನು ಕತ್ತರಿಸಿ ನಾನು ಅಡುಗೆಮನೆ ಕಪಾಟಿಗೆ ಅಂಟಿಸಿದ್ದೆ. ನನಗೆ ಒಂಬತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಕಾಯಿ ತುರಿಯಬೇಕೆಂದರೆ ಬಿಸಿಲು ಅಂಗಳಕ್ಕೆ ಇಳಿಯಬೇಕು.

ಕಳೆದ ಆಷಾಢದಲ್ಲಿ ಡಾಕ್ಟರಿಗೆ ಹೇಳದೆ ಈ ಕಾಯಿಲೆಗೆ ಕೊಟ್ಟಿದ್ದ ವಾರದ ಮೆಥೊಟ್ರೆಕ್ಸೇಟ್ ಮಾತ್ರೆ ಬಿಟ್ಟೆ. ಅಮೃತಬಳ್ಳಿ ಸಾರದ ಕ್ಯಾಪ್ಸೂಲ್ ಶುರು ಮಾಡಿದೆ. ಅಂಗಡಿಯವರೂ ಅದೇ ಸುದ್ದಿ ತೋರಿಸಿ ಮಾರಿದ್ದರು. ಶ್ರಾವಣದ ಹೊತ್ತಿಗೆ ಮಣಿಕಟ್ಟು ಎಷ್ಟು ಊದಿತ್ತೆಂದರೆ ಹಸಿರು ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಹಬ್ಬದ ತಿಂಗಳಲ್ಲಿ!

ಅಕ್ಕನ ಮಗಳು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದುತ್ತಾಳೆ. ದೀಪಾವಳಿಗೆ ಬಂದವಳು ಮೊಬೈಲಿನಲ್ಲಿ ಲ್ಯಾಬಿನ ಫೋಟೋ ತೋರಿಸಿದಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಚೆನ್ನೆಮಣೆಯನ್ನು ಚಿಕ್ಕದು ಮಾಡಿದ ಹಾಗಿತ್ತು. ಇಂಥ ಗುಳಿಗಳಲ್ಲಿ ಇಲಿಯ ರೋಗನಿರೋಧಕ ಜೀವಕೋಶ ಬೆಳೆಸುತ್ತಾರೆ. ಹೆಸರು ಮ್ಯಾಕ್ರೋಫೇಜ್. ಬ್ಯಾಕ್ಟೀರಿಯಾದ ಹೊರಪದರದ ಅಂಶ ಹಾಕಿ ಅವನ್ನು ಕೆರಳಿಸುತ್ತಾರೆ. ಕೆರಳಿದ ಕೋಶ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಅದೇ ಉರಿಯೂತದ ಗುರುತು. ಮೇಲಿನ ದ್ರವ ತೆಗೆದು ಗ್ರೀಸ್ ರಿಯೇಜೆಂಟ್ ಎಂಬ ಪರೀಕ್ಷೆಯ ದ್ರಾವಣ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ, ಕೋಶ ಹೆಚ್ಚು ಕೆರಳಿದಷ್ಟೂ ಬಣ್ಣ ಗಾಢ. ಗಿಡದ ಸಾರ ಹಾಕಿದ್ದ ಗುಳಿಗಳಲ್ಲಿ ಬಣ್ಣ ತೆಳು. ಮುರುಗಲು ಪಾನಕಕ್ಕೆ ನೀರು ಹೊಯ್ಯುತ್ತಾ ಹೋದ ಹಾಗೆ, ಸಾಲಿನಿಂದ ಸಾಲಿಗೆ ತೆಳು. ಸುದ್ದಿಯಲ್ಲಿ ಬರುವ ‘ಉರಿಯೂತ ಇಳಿಯಿತು’ ಎಷ್ಟೋ ಸಲ ಇದೇ.

“ಕೋಶ ಸತ್ತಿದ್ರೂ ಬಣ್ಣ ತೆಳುವಾಗತ್ತೆ ಚಿಕ್ಕಮ್ಮ, ಅದನ್ನ ಬೇರೆ ಪರೀಕ್ಷೆ ಮಾಡಿ ನೋಡ್ಬೇಕು” ಅಂದಳು.

ಗುಳಿಯಲ್ಲಿ ಸಾರ ನೇರವಾಗಿ ಕೋಶದ ಮೇಲೇ ಬೀಳುತ್ತದೆ. ನಾವು ನುಂಗಿದ್ದು ಹೊಟ್ಟೆ, ಕರುಳು, ಲಿವರ್ ದಾಟಿ ಬರಬೇಕಲ್ವಾ? ಅರಿಶಿನದ ಕರ್ಕ್ಯುಮಿನ್ ಗ್ರಾಂಗಟ್ಟಲೆ ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಮೃತಬಳ್ಳಿಯನ್ನಂತೂ ರೋಗನಿರೋಧಕ ಶಕ್ತಿ ಹೆಚ್ಚಿಸಲಿಕ್ಕೆಂದೇ ಕೊಡುತ್ತಾರೆ. ನನ್ನ ಕಾಯಿಲೆಯಲ್ಲಿ ಕೀಲು ತಿನ್ನುತ್ತಿರುವುದೇ ಆ ಶಕ್ತಿ. 2021ರಲ್ಲಿ ಮುಂಬೈ ವೈದ್ಯರು ಈ ಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ವರದಿ ಮಾಡಿದ್ದರು. ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತ್ತು. ಸರಿ, ಹಾಗಾದರೆ ನಾನು ನುಂಗಿದ ಕ್ಯಾಪ್ಸೂಲಿನಲ್ಲಿದ್ದದ್ದು ಯಾವ ಬಳ್ಳಿ? ಡಬ್ಬಿ ನೋಡಿ ನನಗೆ ಹೇಗೆ ಗೊತ್ತಾಗಬೇಕು?

ಸೊಪ್ಪುಸದೆ ಬೇಡ ಎನ್ನುವವಳು ನಾನಲ್ಲ. ಒಂದೆಲಗದ ತಂಬುಳಿ ಇಲ್ಲದೆ ನನಗೆ ಊಟ ಸೇರುವುದಿಲ್ಲ. ಆ ಪ್ರಯೋಗಗಳೂ ಸುಮ್ನೆ ಅಲ್ಲ, ಹೊಸ ಔಷಧಿಯ ಹುಡುಕಾಟ ಅಲ್ಲಿಂದಲೇ ಶುರು. ನನ್ನ ಕೋರಿಕೆ ಇಷ್ಟೆ. ಇಂಥ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ತಟ್ಟೆಯ ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ.

– ಒಬ್ಬ ಗೃಹಿಣಿ, ಶಿರಸಿ