ಫಿಲಂ ಆಸಕ್ತರ ಕೂಟದಲ್ಲಿ ರೀಲೂ ಸುತ್ತಲಿ

ಮಾನ್ಯ ಸಂಪಾದಕರೇ,

ಫಿಲಂ ಛಾಯಾಗ್ರಹಣದ ಆಸಕ್ತರು ಒಂದೆಡೆ ಸೇರಿದರೆ ಮಾತೆಲ್ಲ ಕ್ಯಾಮೆರಾ, ಲೆನ್ಸ್‌ಗಳ ಸುತ್ತಲೇ. ಆದರೆ ಹೊಸಬರ ನೆಗೆಟಿವ್ ಕೆಡುವುದು ಹೆಚ್ಚಾಗಿ ತೊಳೆಯುವಾಗ, ಅಂದರೆ ರಾಸಾಯನಿಕ ದ್ರಾವಣಗಳಲ್ಲಿ ಚಿತ್ರ ಮೂಡಿಸುವಾಗ. ಕೂಟದ ಅರ್ಧ ಹೊತ್ತಾದರೂ ಅದಕ್ಕೆ ಮೀಸಲಾಗಲಿ.

ಮೊದಲು ಹಳೆಯ ಫಿಲಂ ಒಂದನ್ನು ಕಣ್ಣು ಮುಚ್ಚಿ ರೀಲಿಗೆ (ತೊಳೆಯುವ ಟ್ಯಾಂಕಿನೊಳಗೆ ಫಿಲಂ ಹಿಡಿದಿಡುವ ಸುರುಳಿಗೆ) ಸುತ್ತಿಸಿ; ನಿಜವಾದ ಫಿಲಂ ಸುತ್ತಬೇಕಾದದ್ದು ಕತ್ತಲಲ್ಲೇ. ಪ್ಲಾಸ್ಟಿಕ್ ರೀಲಿನಲ್ಲಿ ಒಂದು ಹನಿ ನೀರಿದ್ದರೂ ಫಿಲಂ ನಡುವೆಯೇ ಕಚ್ಚಿಕೊಳ್ಳುತ್ತದೆ. ಜೋರು ಮಾಡಿದರೆ ಮಡಿಕೆ ಬಿದ್ದು ನೆಗೆಟಿವ್ ಮೇಲೆ ಅರ್ಧಚಂದ್ರದಂಥ ಗುರುತು ಉಳಿಯುತ್ತದೆ. ತುದಿಯ ಎರಡೂ ಮೂಲೆಗಳನ್ನು ಕತ್ತರಿಯಿಂದ ತುಸು ದುಂಡಗಾಗಿಸಿದರೆ ಸಲೀಸು.

ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲಂ 400ರ ವೇಗದಲ್ಲಿ (ಬೆಳಕಿಗೆ ಸ್ಪಂದಿಸುವ ಅಳತೆ, ಐಎಸ್‌ಒ) ತೆಗೆದದ್ದಾದರೆ, ಚಿತ್ರ ಮೂಡಿಸುವ ಐಡಿ-11 ಡೆವಲಪರನ್ನು ಸಮಪಾಲು ನೀರಿನೊಂದಿಗೆ ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 13 ನಿಮಿಷ. ದ್ರಾವಣ 24 ಡಿಗ್ರಿಗೆ ಏರಿದ್ದರೆ ಸುಮಾರು 9 ನಿಮಿಷ ಸಾಕು; ಇದನ್ನು ಮರೆತವರ ಆಕಾಶ ಪ್ರಿಂಟಿನಲ್ಲಿ ಬರೀ ಬಿಳಿ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಬಾರಿ ಬೋರಲು ಮಾಡಿ, ಕೆಳಗಿಡುವಾಗ ಮೆಲ್ಲಗೆ ಕುಟ್ಟಬೇಕು. ಇಲ್ಲವಾದರೆ ಗಾಳಿಗುಳ್ಳೆ ಅಂಟಿದ ಕಡೆ ಚುಕ್ಕೆ ಬೀಳುತ್ತದೆ.

ಮೂಡಿದ ಚಿತ್ರವನ್ನು ಬೆಳಕಿಗೆ ಕೆಡದಂತೆ ಸ್ಥಿರಗೊಳಿಸುವ ಫಿಕ್ಸರ್ ವಿಷಯದಲ್ಲಿ ಅಂದಾಜು ಬೇಡ. ಫಿಲಂ ತುಂಡೊಂದನ್ನು ಅದರಲ್ಲಿ ಅದ್ದಿ. ಪಾರದರ್ಶಕವಾಗಲು ಹಿಡಿದ ಸಮಯದ ಎರಡರಷ್ಟು ಫಿಕ್ಸ್ ಮಾಡಿ. ತುಂಡು ಪಾರದರ್ಶಕವಾಗಲು ಹೊಸ ಫಿಕ್ಸರಿನಲ್ಲಿ ಹಿಡಿದದ್ದಕ್ಕಿಂತ ಇಮ್ಮಡಿ ಹೊತ್ತು ಹಿಡಿದರೆ ಆ ಫಿಕ್ಸರಿನ ಕಾಲ ಮುಗಿಯಿತು.

ಕೂಟಕ್ಕೆ ಬರುವವರು ಒಂದೇ ದೃಶ್ಯವನ್ನು ಬೆಳಕಿನ ಮೀಟರ್ ಹೇಳಿದಂತೆ, ಒಂದು ಸ್ಟಾಪ್ ಹೆಚ್ಚಿಸಿ (ಬೆಳಕು ಎರಡರಷ್ಟು), ಒಂದು ಸ್ಟಾಪ್ ತಗ್ಗಿಸಿ (ಬೆಳಕು ಅರ್ಧದಷ್ಟು) ತೆಗೆದು ತರಲಿ. ಮೂರೂ ನೆಗೆಟಿವ್‌ಗಳನ್ನು ಲೈಟ್‌ಬಾಕ್ಸ್ ಮೇಲೆ ಪಕ್ಕಪಕ್ಕ ಇಟ್ಟು ನೋಡೋಣ.

– ಫಿಲಂ ಆಸಕ್ತ ಓದುಗರು