ಒಂಟೆಯ ಜತೆಗೆ ಹೆಜ್ಜಾರ್ಲೆಗೂ ಮಾರ್ಕ್ಸ್ ಕೊಡಿ

ಮಾನ್ಯರೇ,

ಪ್ರಾಣಿಗಳ ದೇಹರಚನೆ ಅವು ಬದುಕಲು ಹೇಗೆ ನೆರವಾಗುತ್ತದೆ, ಉದಾಹರಣೆ ಕೊಡಿ. ಐದನೇ ಕ್ಲಾಸಿನ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂದಿತ್ತು. ನನ್ನ ಮಗಳು ಹೆಜ್ಜಾರ್ಲೆ (ಪೆಲಿಕನ್) ಹಕ್ಕಿ ಬಗ್ಗೆ ಬರೆದಳು. ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನನ್ನು ನೀರಿನ ಸಮೇತ ಗೋರಿಕೊಳ್ಳುತ್ತದೆ, ನೀರು ಸೋರಿದ ಮೇಲೆ ನುಂಗುತ್ತದೆ ಅಂತ. ಉತ್ತರ ಸರಿಯಾಗಿಯೇ ಇದೆ. ಆದರೂ ಅರ್ಧ ಮಾರ್ಕ್ಸ್ ಕಟ್. ಪುಸ್ತಕದಲ್ಲಿರುವುದು ಒಂಟೆ, ಅದನ್ನೇ ಬರೆಯಬೇಕಿತ್ತಂತೆ!

ಒಂಟೆ ಮೇಲೆ ನನಗೇನೂ ಸಿಟ್ಟಿಲ್ಲ. ಡುಬ್ಬದಲ್ಲಿ ಕೊಬ್ಬು ಹೊತ್ತು ಮರಳುಗಾಡು ದಾಟುವುದು ಸಣ್ಣ ಮಾತಲ್ಲ. ಆದರೆ ಮದ್ದೂರು ತಾಲ್ಲೂಕಿನ ಮಕ್ಕಳಿಗೆ ಕೊಕ್ಕರೆ ಬೆಳ್ಳೂರು ಇಲ್ಲೇ ಇದೆಯಲ್ಲ. ಮನೆ ಪಕ್ಕದ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಕದಡಿದ ನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಇಳಿಬಿಡುತ್ತದೆ. ಮೀನು ತಗುಲಿತೋ, ಫಟ್ ಅಂತ ಮುಚ್ಚುತ್ತದೆ. ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ರಂಗನತಿಟ್ಟಿನಲ್ಲಿ ಬಾಯ್ಕಳಕ ಅನ್ನೋ ಕೊಕ್ಕರೆ ಸಿಗುತ್ತದೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಇರುತ್ತದೆ, ಬಸವನಹುಳು ಅದರ ಮುಖ್ಯ ಊಟ. ಹೊಳೆ ಒಂದೇ, ಕೊಕ್ಕು ಬೇರೆ, ಊಟವೂ ಬೇರೆ. ಶಾಲೆ ಟ್ರಿಪ್ಪಿನ ಬಸ್ಸುಗಳು ಮಾತ್ರ ಸೀದಾ ಮೈಸೂರು ಝೂಗೆ ಹೋಗಿ ಜಿರಾಫೆ ತೋರಿಸಿ ವಾಪಸ್ ಬರುತ್ತವೆ.

ಗಿಡದ ಪಾಠಕ್ಕೆ ಬಂದರೆ ಪಾಪಸುಕಳ್ಳಿ. ಇರಲಿ. ಭತ್ತ ಯಾಕೆ ಬೇಡ? ರಾಗಿ ಹೊಲದಲ್ಲಿ ನೀರು ನಿಂತರೆ ಪೈರು ಹಳದಿ ತಿರುಗಿ ಸೊರಗುತ್ತದೆ. ಭತ್ತ ವಾರಗಟ್ಟಲೆ ನಿಂತ ನೀರಿನಲ್ಲೇ ಇದ್ದರೂ ಬೇರು ಕೊಳೆಯುವುದಿಲ್ಲ. ಬೇರಿಗೂ ಉಸಿರಾಡೋಕೆ ಗಾಳಿ ಬೇಕಲ್ವಾ? ಭತ್ತಕ್ಕೆ ಎಲೆಯಿಂದ ಬೇರಿನ ತನಕ ಒಳಗೊಳಗೇ ಗಾಳಿಯ ದಾರಿ ಇದೆ. ಗದ್ದೆಯಿಂದ ಒಂದು ಬುಡ ಕಿತ್ತು, ಕೆಸರು ತೊಳೆದು ನೋಡಿ. ಎಳೆ ಬೇರು ಬೆಳ್ಳಗೆ, ಹಳೆ ಬೇರಿಗೆ ಇಟ್ಟಿಗೆ ಬಣ್ಣ. ಅದು ತುಕ್ಕು. ಬೇರಿನಿಂದ ಸೋರುವ ಆಮ್ಲಜನಕ ತಗುಲಿ ಕೆಸರಿನ ಕಬ್ಬಿಣಾಂಶ ಹಾಗೆ ಬೇರಿಗೆ ಅಂಟಿಕೊಳ್ಳುತ್ತದೆ. ಕಳೆ ಕೀಳುವ ಹೆಂಗಸರೆಲ್ಲ ಈ ಬಣ್ಣ ನೋಡಿಯೇ ಇರುತ್ತಾರೆ.

ಗಾಳಿ ದಾರಿ ಅಂದರೆ ನಂಬದ ಮಕ್ಕಳೂ ಇರುತ್ತಾರೆ, ಇರಬೇಕು ಕೂಡ. ಅವರ ಕೈಗೆ ಕೆರೆಯ ತಾವರೆ ಎಲೆಯ ದಂಟು ಕೊಡಿ. ಎರಡೂ ಕಡೆ ಕತ್ತರಿಸಿ, ಒಂದು ತುದಿ ನೀರಿಗಿಟ್ಟು ಇನ್ನೊಂದು ತುದಿಯಿಂದ ಊದಲಿ. ಗುಳುಗುಳು ಅಂತ ಗುಳ್ಳೆ ಏಳುತ್ತದೆ.

ಪುಸ್ತಕ ಬದಲಾಯಿಸಿ ಅಂತ ನಾನು ಕೇಳುತ್ತಿಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಮಗು ಕಣ್ಣಾರೆ ಕಂಡು ಬರೆದ ಉತ್ತರಕ್ಕೂ ಪೂರ್ತಿ ಮಾರ್ಕ್ಸ್ ಕೊಡಿ ಅಂತ ಶಿಕ್ಷಣ ಇಲಾಖೆ ಮೇಷ್ಟ್ರುಗಳಿಗೆ ಒಂದು ಮಾತು ಹೇಳಿದರೆ ಸಾಕು. ಟ್ರಿಪ್ಪನ್ನು ಫೆಬ್ರುವರಿಗೆ ಇಟ್ಟುಕೊಂಡರೆ ಗೂಡುಗಳೂ ಸಿಗುತ್ತವೆ. ಭತ್ತ ನೋಡೋಕೆ ನಮ್ಮ ಗದ್ದೆಗೇ ಬರಬಹುದು, ನಾಲ್ಕು ಬುಡ ಕಿತ್ತರೆ ನನಗೇನೂ ನಷ್ಟವಿಲ್ಲ. ಕೆಸರಾದ ಯೂನಿಫಾರಂ ಒಗೆಯುವವರನ್ನು ಮಾತ್ರ ಮೊದಲೇ ಒಪ್ಪಿಸಿಕೊಂಡು ಬನ್ನಿ.

– ಒಬ್ಬ ರೈತ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ